ರಕ್ತಕ್ಕೆ ಹದಿನೆಂಟು, ಜೇಬಿಗೆ ಮೂರು

ಇಸ್ಪೀಟು ಎಲೆಗಳು ಮಕ್ಕಳ ಪಾಲಿಗೆ ಎಂಥ ವಿಷ ಎಂಬುದು ಯೂರೋಪಿಗೆ ಅರಿವಾದದ್ದು 2024ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ‘ಬಲಾಟ್ರೊ’ ಎಂಬ ವಿಡಿಯೊ ಗೇಮ್ ಬಂತು. ಕೆನಡಾದ ಒಬ್ಬರೇ, ‘ಲೋಕಲ್‌ಥಂಕ್’ ಎಂಬ ಅಡ್ಡಹೆಸರಿನ ಮರೆಯಲ್ಲಿ ಕೂತು ಕಟ್ಟಿದ ಆಟ. ಪರದೆಯ ಮೇಲೆ ಒಂದು ಕಟ್ಟು ಎಲೆ, ಪಕ್ಕದಲ್ಲಿ ಬಗೆಬಗೆಯ ಜೋಕರ್‌ಗಳು. ಜೋಡಿಯೋ ಫ್ಲಶ್ಶೋ ಫುಲ್‌ಹೌಸೋ ಕೂಡಿಸಿದರೆ ಅಂಕ, ಅಂಕ ಸಾಕಷ್ಟಾದರೆ ಮುಂದಿನ ಸುತ್ತು. ಎದುರಿಗೆ ಆಡುವವರಿಲ್ಲ, ಪಣವಿಲ್ಲ, ಗೆದ್ದರೂ ನಾಲ್ಕಾಣೆ ಹುಟ್ಟುವುದಿಲ್ಲ. ಒಮ್ಮೆ ದುಡ್ಡು ಕೊಟ್ಟು ಕೊಂಡಿರೋ, ಆಮೇಲೆ ಅದು ನಿಮ್ಮ ಹತ್ತಿರ ಚಿಕ್ಕಾಸೂ ಕೇಳುವುದಿಲ್ಲ.

ಯೂರೋಪಿನಲ್ಲಿ ಆಟಗಳಿಗೆ ವಯಸ್ಸು ಬರೆಯುವ ಸಂಸ್ಥೆಯ ಹೆಸರು ಪೆಗಿ. ಅದು ಈ ಆಟದ ಮೇಲೆ 18 ಎಂದು ಮುದ್ರೆ ಒತ್ತಿತು. ಅದಕ್ಕೆ ಕಾರಣವನ್ನೂ ಕೊಟ್ಟಿತು: ಇದನ್ನು ಆಡಿದವನಿಗೆ ಪೋಕರಿನ ಯಾವ ಕೈಗೆ ಎಷ್ಟು ಬೆಲೆ ಎಂಬುದು ತಿಳಿದುಬಿಡುತ್ತದೆ, ಆ ವಿದ್ಯೆ ನಾಳೆ ನಿಜವಾದ ಪೋಕರ್ ಮೇಜಿನಲ್ಲಿ ಕೆಲಸಕ್ಕೆ ಬಂದೀತು.

ಅದೇ ಪೆಗಿ, ಅದೇ ವರ್ಷ, ‘ಇಎ ಸ್ಪೋರ್ಟ್ಸ್ ಎಫ್‌ಸಿ 25’ ಎಂಬ ಫುಟ್‌ಬಾಲ್ ಆಟಕ್ಕೆ ಕೊಟ್ಟ ವಯಸ್ಸು 3. ಈ ಆಟದೊಳಗೆ ‘ಅಲ್ಟಿಮೇಟ್ ಟೀಮ್’ ಎಂಬುದೊಂದು ವಿಭಾಗ. ಅಲ್ಲಿ ಪ್ಯಾಕ್ ಮಾರಾಟ. ಒಳಗೆ ಯಾವ ಆಟಗಾರ ಕೂತಿದ್ದಾನೆ ಎಂಬುದು ಒಡೆದ ಮೇಲೆಯೇ ಗೊತ್ತಾಗುವುದು. ಎಂಬಾಪೆ ಬಂದರೆ ನಿಮ್ಮ ಪುಣ್ಯ. ಎಂದೂ ಹೆಸರು ಕೇಳದ ಬದಲಿ ಗೋಲ್‌ಕೀಪರ್ ಬಂದರೆ ಇನ್ನೊಂದು ಪ್ಯಾಕ್. ಒಡೆಯುವ ಕ್ಷಣಕ್ಕೆ ಏನು ಸಂಭ್ರಮ! ಕತ್ತಲು ಕವಿಯುತ್ತದೆ, ಬೆಳಕು ಚಿಮ್ಮುತ್ತದೆ, ಮೊದಲು ದೇಶದ ಬಾವುಟ, ಆಮೇಲೆ ಕ್ಲಬ್ಬಿನ ಲಾಂಛನ, ಕೊನೆಗೆ ಮಹಾಶಯರ ಪ್ರವೇಶ. ಆ ಹೊತ್ತಿಗೆ ಹುಡುಗನ ಕೈ ಬೆವೆತಿರುತ್ತದೆ. 2021ರ ಹಣಕಾಸು ವರ್ಷವೊಂದರಲ್ಲೇ ತನ್ನ ಎಲ್ಲ ಕ್ರೀಡಾ ಆಟಗಳ ಈ ವಿಭಾಗದಿಂದ ಇಎ ಕಂಪನಿಗೆ ಬಂದದ್ದು 160 ಕೋಟಿ ಡಾಲರಿಗೂ ಹೆಚ್ಚು.

ಮೂರು ವರ್ಷದ ಕೂಸಿಗೆ ಆಫ್‌ಸೈಡ್ ಗೊತ್ತಿರುವುದಿಲ್ಲ. ಮೂಗು ಒರೆಸಿಕೊಳ್ಳುವುದೂ ಗೊತ್ತಿರುವುದಿಲ್ಲ. ಪ್ಯಾಕ್ ಒಡೆಯುವ ಅರ್ಹತೆ ಮಾತ್ರ ಬಂದಿರುತ್ತದೆ.

ಹಾಗಂತ ಅನ್ಯಾಯದ ಮಾತಾಡಬಾರದು. ಪೆಗಿ ಕುರುಡೇನೂ ಆಗಿರಲಿಲ್ಲ. ‘ಆಟದೊಳಗೆ ಖರೀದಿ ಇದೆ, ಏನು ಸಿಗುತ್ತದೆಂದು ಗೊತ್ತಿಲ್ಲದ ವಸ್ತುಗಳೂ ಸೇರಿ’ ಎಂದು ಡಬ್ಬಿಯ ಮೇಲೆ ಬರೆಸಿತ್ತು. ಬರೆಸಿ, ಕೈ ತೊಳೆದುಕೊಂಡು, ಮುಂಭಾಗದಲ್ಲಿ ಹಸಿರು ಚೌಕದೊಳಗೆ 3 ಎಂದು ದಪ್ಪಗೆ ಅಚ್ಚು ಹಾಕಿಸಿತ್ತು. ಬಲಾಟ್ರೊ ಕರ್ತೃ ರೋಸಿಹೋಗಿ, ನಾನೂ ಇಂಥ ಪ್ಯಾಕ್, ಅಂದರೆ ‘ಲೂಟ್ ಬಾಕ್ಸ್’ ಸೇರಿಸಿಬಿಟ್ಟರೆ ನನಗೂ ಆ ಫುಟ್‌ಬಾಲಿನವರಂತೆ 3 ಸಿಗಬಹುದೇನೋ ಎಂದು ಬಹಿರಂಗವಾಗಿ ಕುಟುಕಿದರು. ಕೊನೆಗೆ ಮೇಲ್ಮನವಿ ನಡೆದು 2025ರ ಫೆಬ್ರುವರಿಯಲ್ಲಿ 18 ಹೋಗಿ 12 ಆಯಿತು. ಫುಟ್‌ಬಾಲಿನ ಮೂರು ಆಗಲೂ ಮೂರೇ.

ಈ ಪರೀಕ್ಷಕರನ್ನು ಒಮ್ಮೆ ನಮ್ಮ ಕಡೆಯ ಮದುವೆಗೆ ಕರೆಯಬೇಕು ಅನ್ನಿಸುತ್ತದೆ. ಆರತಕ್ಷತೆ ಮುಗಿದ ರಾತ್ರಿ ಛತ್ರದ ಮಹಡಿಯಲ್ಲಿ, ಗಂಡಿನ ಕಡೆಯವರ ರೂಮಿನಲ್ಲಿ, ಜಮಖಾನದ ಮೇಲೆ ರಮ್ಮಿ ಕೂತಿರುತ್ತದೆ. ಷಡ್ಡಕರಿಬ್ಬರು, ಒಬ್ಬ ರಿಟೈರ್ಡ್ ಮೇಷ್ಟ್ರು, ಯಾರ ಕಡೆಯವರೆಂದು ಯಾರಿಗೂ ಗೊತ್ತಿಲ್ಲದ ಇನ್ನೊಬ್ಬರು. ದೊಡ್ಡಪ್ಪನ ಹೆಗಲಿಗೆ ಜೋತುಬಿದ್ದ ಎಂಟು ವರ್ಷದ ಹುಡುಗ, ‘ದೊಡ್ಡಪ್ಪಾ, ನಿಮ್ಮತ್ರ ಎರಡು ಜೋಕರ್ ಇದೆ!’ ಎಂದು ಕೂಗಿ ತಲೆಗೆ ಮೊಟಕಿಸಿಕೊಳ್ಳುತ್ತಾನೆ. ಪೆಗಿಯ ಲೆಕ್ಕದಲ್ಲಿ ಆ ಛತ್ರ ಇಡೀ ರೆಡ್ ಝೋನ್. ಅದೇ ರಾತ್ರಿ ಅದೇ ಊರಾಚೆಯ ತೋಟದಲ್ಲಿ ಅಂದರ್–ಬಾಹರ್ ಅಡ್ಡೆಗೆ ಪೊಲೀಸರು ನುಗ್ಗಿರುತ್ತಾರೆ. ಪಣಕ್ಕಿಟ್ಟಿದ್ದ ನಗದು, 52 ಇಸ್ಪೀಟು ಎಲೆ ವಶ ಎಂದು ಪೇಪರಿನ ಜಿಲ್ಲಾ ಪುಟದಲ್ಲಿ ಮೂರು ಸಾಲು. ಪಂಚನಾಮೆಯಲ್ಲಿ ಮೊದಲು ಬರೆಯಬೇಕಾದದ್ದು ನಗದು, ಎಲೆ ಆಮೇಲೆ ಎಂಬುದು ನಮ್ಮ ಠಾಣೆಯ ರೈಟರಿಗೆ ಚೆನ್ನಾಗಿ ಗೊತ್ತು. ಬ್ರಸೆಲ್ಸ್‌ನಲ್ಲಿ ಕೂತವರು ಎಲೆಯನ್ನು ವಶಪಡಿಸಿಕೊಂಡು ನಗದನ್ನು ಸ್ಥಳದಲ್ಲೇ ಬಿಟ್ಟುಬಂದರು.

ಅವರನ್ನೇ ದೂರಿ ಫಲವಿಲ್ಲ. ಬ್ರಿಟನ್ನಿನ ಜೂಜು ನಿಯಂತ್ರಣ ಆಯೋಗ 2017ರಲ್ಲೇ ಇದಕ್ಕೊಂದು ಸೂತ್ರ ಹಾಕಿಕೊಟ್ಟಿತ್ತು. ಲೂಟ್ ಬಾಕ್ಸ್‌ನಲ್ಲಿ ಸಿಕ್ಕಿದ್ದನ್ನು ಆಟದ ಹೊರಗೆ ದುಡ್ಡಾಗಿ ಬದಲಿಸಲು ಬರುವುದಿಲ್ಲವಾದರೆ ಅದು ಕಾನೂನಿನ ಪ್ರಕಾರ ಜೂಜಲ್ಲ. ಸ್ವಲ್ಪ ನಿಧಾನವಾಗಿ ಇದನ್ನು ಅಗಿಯಿರಿ. ಗೆದ್ದಾಗ ಏನಾದರೂ ಕೈಗೆ ಬರುವಂತಿದ್ದರೆ ಅದು ಜೂಜು, ವಯಸ್ಕರಿಗಷ್ಟೇ. ಗೆದ್ದರೂ ಸೋತರೂ ದುಡ್ಡು ಹೋಗುವುದೊಂದೇ ಗ್ಯಾರಂಟಿ ಎಂದಾದರೆ ಅದು ಮಕ್ಕಳಾಟ. ಅಂದರ್–ಬಾಹರ್ ಅಡ್ಡೆಯ ಮಾಲೀಕನಿಗೆ ಈ ಸೂತ್ರ ಗೊತ್ತಿದ್ದರೆ ಅವನೂ ಗೆದ್ದವರಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿ, ಬೋರ್ಡ್ ತಗುಲಿಸಿಕೊಂಡು, ಶಿಶುವಿಹಾರ ನಡೆಸುತ್ತಿದ್ದ.

2019ರ ಜೂನ್‌ನಲ್ಲಿ ಬ್ರಿಟಿಷ್ ಸಂಸದೀಯ ಸಮಿತಿಯೊಂದು ಇಎ ಕಂಪನಿಯವರನ್ನು ಕರೆಸಿ ಈ ಲೂಟ್ ಬಾಕ್ಸ್ ವಿಚಾರ ಕೇಳಿತು. ಕಂಪನಿಯ ಉಪಾಧ್ಯಕ್ಷೆ, ನಾವು ಅದನ್ನು ಹಾಗೆ ಕರೆಯುವುದಿಲ್ಲ, ‘ಸರ್‌ಪ್ರೈಸ್ ಮೆಕ್ಯಾನಿಕ್ಸ್’ ಅನ್ನುತ್ತೇವೆ ಎಂದರು. ಒಳಗೆ ಆಟಿಕೆ ಇಟ್ಟ ಚಾಕೊಲೇಟ್ ಮೊಟ್ಟೆಯ ಉದಾಹರಣೆ ಕೊಟ್ಟರು. ಬಹಳ ನೈತಿಕವಾದದ್ದು, ಮೋಜಿನದ್ದು ಎಂದೂ ಸೇರಿಸಿದರು. ಇದನ್ನು ಜೂಜಿನ ಕಾಯ್ದೆಯೊಳಗೆ ತನ್ನಿ ಎಂದು ಸಮಿತಿ ಶಿಫಾರಸು ಮಾಡಿತು. ಸರ್ಕಾರ ಮೂರು ವರ್ಷ ಯೋಚಿಸಿ 2022ರ ಜುಲೈನಲ್ಲಿ, ಬೇಡ, ಉದ್ಯಮದವರೇ ಸರಿಪಡಿಸಿಕೊಳ್ಳಲಿ ಎಂದಿತು. ಪೆಗಿಯ ನೆರಳಿನಲ್ಲೇ ಇರುವ ಪುಟ್ಟ ಬೆಲ್ಜಿಯಂ ಮಾತ್ರ 2018ರಲ್ಲೇ, ದುಡ್ಡು ತೆಗೆದುಕೊಳ್ಳುವ ಲೂಟ್ ಬಾಕ್ಸ್ ಜೂಜೇ ಎಂದು ಹೇಳಿ ಮುಗಿಸಿತ್ತು.

ವಯಸ್ಸು ಬರೆಯುವವರ ಕಣ್ಣು ಹೀಗೆ ಒಂದೇ ಕಡೆ ನೆಟ್ಟಿದ್ದಕ್ಕೂ ಹಿನ್ನೆಲೆಯಿದೆ. ಈ ಪದ್ಧತಿ ಹುಟ್ಟಿದ್ದೇ ರಕ್ತ ಕಂಡು. 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಜೋಸೆಫ್ ಲೀಬರ್‌ಮನ್, ಹರ್ಬರ್ಟ್ ಕೋಲ್ ಎಂಬ ಇಬ್ಬರು ಸದಸ್ಯರು ವಿಚಾರಣೆ ನಡೆಸಿದರು. ಕಟಕಟೆಯಲ್ಲಿ ನಿಂತದ್ದು ‘ಮಾರ್ಟಲ್ ಕಾಂಬ್ಯಾಟ್’. ಗೆದ್ದವನು ಸೋತವನ ತಲೆಯನ್ನು ಬೆನ್ನುಮೂಳೆ ಸಮೇತ ಕೀಳುವ ಆಟ. ಸೆಗಾ ಕಂಪನಿಯ ಯಂತ್ರದಲ್ಲಿ ಒಂದು ಗುಪ್ತ ಸಂಕೇತ ಒತ್ತಿದರೆ ರಕ್ತ ಹರಿಯುತ್ತಿತ್ತು. ನಿಂಟೆಂಡೊ ಮರ್ಯಾದಸ್ಥ ಕಂಪನಿ. ಅದು ಕೆಂಪನ್ನು ಬೂದು ಮಾಡಿ, ಇದು ರಕ್ತವಲ್ಲ, ಬೆವರು ಎಂದಿತು. ಬೆವರಿನದಕ್ಕಿಂತ ರಕ್ತದ್ದೇ ಹೆಚ್ಚು ಖರ್ಚಾಯಿತು ಎಂಬುದು ಬೇರೆ ಮಾತು. ಸರ್ಕಾರ ಕಾನೂನು ತರುವ ಮೊದಲು ನಾವೇ ಏನಾದರೂ ಮಾಡಿಬಿಡೋಣ ಎಂದು 1994ರಲ್ಲಿ ಉದ್ಯಮದವರೇ ವಯಸ್ಸು ಬರೆಯಲು ಇಎಸ್‌ಆರ್‌ಬಿ ಎಂಬ ಮಂಡಳಿ ಕಟ್ಟಿಕೊಂಡರು. ಪರೀಕ್ಷೆ ಬರೆಯುವವರೂ ಅವರೇ, ಪರೀಕ್ಷಾ ಮಂಡಳಿ ಸ್ಥಾಪಿಸಿದವರೂ ಅವರೇ. ಯೂರೋಪಿನವರು 2003ರಲ್ಲಿ ಪೆಗಿ ಶುರು ಮಾಡಿದ್ದೂ ಇದೇ ಜಾಡಿನಲ್ಲಿ.

ಅಂದಿನಿಂದ ರಕ್ತದ ಬಣ್ಣ ಬದಲಿಸುವುದೇ ಒಂದು ಕುಶಲ ಕಲೆಯಾಯಿತು. 1997ರ ‘ಕಾರ್ಮಗೆಡನ್’ನಲ್ಲಿ ದಾರಿಹೋಕರ ಮೇಲೆ ಕಾರು ಹತ್ತಿಸಿದರೆ ಅಂಕ. ಬ್ರಿಟನ್ನಿನ ಮಂಡಳಿ ಒಪ್ಪಲಿಲ್ಲ. ತಯಾರಕರು ದಾರಿಹೋಕರನ್ನೆಲ್ಲ ಹಸಿರು ರಕ್ತದ ಜೊಂಬಿಗಳನ್ನಾಗಿ ಮಾಡಿ ತಂದರು. ಆಟ ಅಂಗಡಿಗೆ ಬಂತು. ಸತ್ತವರನ್ನು ಮತ್ತೆ ಕೊಂದರೆ ಯಾರಿಗೇನು ನಷ್ಟ? ನಮ್ಮಲ್ಲಿ ತೊಂಬತ್ತರ ದಶಕದ ಮಕ್ಕಳು ಟೀವಿಗೆ ಕ್ಯಾಸೆಟ್ ಚುಚ್ಚಿ ಆಡಿದ ‘ಕಾಂಟ್ರಾ’ ನೆನಪಿದೆಯಲ್ಲ, ಅದರ ಇಬ್ಬರು ಅಂಗಿಯಿಲ್ಲದ ಶೂರರನ್ನು ಇದಕ್ಕೂ ಮುಂಚೆಯೇ ಜರ್ಮನಿಯ ಕಾನೂನಿಗೆ ಹೆದರಿ ಯೂರೋಪಿನಲ್ಲಿ ರೋಬೊಗಳನ್ನಾಗಿ ಮಾಡಿದ್ದರು. ಎಲ್ಲಕ್ಕಿಂತ ಸೊಗಸು ಚೀನಾದ್ದು. 2019ರಲ್ಲಿ ಅಲ್ಲಿ ‘ಪಬ್‌ಜಿ’ ಎಂಬ ಬಂದೂಕಿನ ಕಾಳಗದ ಆಟದ ಬದಲು ‘ಗೇಮ್ ಫಾರ್ ಪೀಸ್’ ಬಂತು. ಅಲ್ಲಿ ಗುಂಡು ತಿಂದವನು ಸಾಯುವುದಿಲ್ಲ. ಮಂಡಿಯೂರಿ, ತನ್ನ ಸಾಮಾನಿನ ಪೆಟ್ಟಿಗೆಯನ್ನು ಹೊಡೆದವನಿಗೆ ಒಪ್ಪಿಸಿ, ಕೈಬೀಸಿ ಟಾಟಾ ಮಾಡಿ ಮಾಯವಾಗುತ್ತಾನೆ. ಇಷ್ಟು ಸಂಸ್ಕಾರವಂತ ಹೆಣ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಇಎಸ್‌ಆರ್‌ಬಿಯ ಪಟ್ಟಿ ಓದುವುದೇ ಒಂದು ಖುಷಿ. ರಕ್ತ ಒಂದು ವರ್ಗ, ಅಲ್ಪ ರಕ್ತ ಇನ್ನೊಂದು, ಕಾರ್ಟೂನು ರಕ್ತ ಮತ್ತೊಂದು, ರಕ್ತ ಮತ್ತು ಮಾಂಸಖಂಡ ಮಗದೊಂದು. ಮದ್ಯದ ಪ್ರಸ್ತಾಪ ಬೇರೆ, ಮದ್ಯದ ಸೇವನೆ ಬೇರೆ. ಹಾಸ್ಯದ ಕಿಡಿಗೇಡಿತನಕ್ಕೂ ಒಂದು ಎಚ್ಚರಿಕೆ ಇದೆ. ನಮ್ಮ ರಕ್ತ ಪರೀಕ್ಷಾ ಲ್ಯಾಬಿನವರೂ ಇಷ್ಟು ವಿಂಗಡಿಸುವುದಿಲ್ಲ. ಇನ್ನು ವಯಸ್ಸು: ‘ಎಂ’ ಎಂದರೆ 17 ದಾಟಿದವರಿಗೆ, ‘ಎಒ’ ಎಂದರೆ 18 ದಾಟಿದವರಿಗೆ. ನಡುವೆ ಒಂದೇ ವರ್ಷ. ಆ ಒಂದು ವರ್ಷದಲ್ಲಿ ಏನಿದೆ ಎಂಬುದು 2005ರಲ್ಲಿ ಗೊತ್ತಾಯಿತು. ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ನಲ್ಲಿ ಕಾರು ಕದಿಯಬಹುದು, ಪೊಲೀಸರನ್ನು ಸುಡಬಹುದು, ದಾರಿಯಲ್ಲಿ ಹೋಗುವವರನ್ನು ಬ್ಯಾಟಿನಲ್ಲಿ ಬಡಿಯಬಹುದು, ಅದೆಲ್ಲ ‘ಎಂ’. ಡಿಸ್ಕಿನ ಮೂಲೆಯಲ್ಲಿ ಬೀಗ ಹಾಕಿ ಮುಚ್ಚಿಟ್ಟಿದ್ದ ಪ್ರಣಯದ ತುಣುಕೊಂದನ್ನು ಯಾರೋ ಕಿಲಾಡಿ ಬಿಚ್ಚಿದ. ‘ಹಾಟ್ ಕಾಫಿ’ ಪ್ರಕರಣವೆಂದು ಅದು ಹೆಸರಾಯಿತು. ಆಟ ರಾತ್ರೋರಾತ್ರಿ ‘ಎಒ’ ಆಯಿತು, ದೊಡ್ಡ ದೊಡ್ಡ ಅಂಗಡಿಗಳು ಅದನ್ನು ಕಪಾಟಿನಿಂದ ಇಳಿಸಿದವು. ನ್ಯೂಯಾರ್ಕಿನ 85 ವರ್ಷದ ಅಜ್ಜಿಯೊಬ್ಬರು ಕಂಪನಿಯ ಮೇಲೆ ದಾವೆ ಹೂಡಿದರು: ಮೊಮ್ಮಗನಿಗೆಂದು ತಂದ ಆಟದಲ್ಲಿ ಇಂಥ ಅಸಹ್ಯವೇ? ಮೊಮ್ಮಗನಿಗೆ ಹದಿನಾಲ್ಕು. ಡಬ್ಬಿಯ ಮೇಲೆ 17 ಎಂದು ಮೊದಲಿನಿಂದಲೂ ಇತ್ತು. ಕೊಲೆ, ದರೋಡೆ, ಡ್ರಗ್ಸ್ ಅಜ್ಜಿಗೆ ಅಡ್ಡಿಯಿರಲಿಲ್ಲ.

ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಿದರೆ 1,000 ಡಾಲರ್ ತನಕ ದಂಡ ಎಂಬ ಕಾನೂನು ಬಂತು. ಸಹಿ ಹಾಕಿದ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್. ಹೌದು, ‘ಟರ್ಮಿನೇಟರ್’ನವರೇ. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರ ಬಹುಮತದಲ್ಲಿ, ಇದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಕಾನೂನನ್ನು ತೆಗೆದುಹಾಕಿತು. ಅದನ್ನು ಬರೆದು ಮಂಡಿಸಿದ್ದವರು ಕ್ಯಾಲಿಫೋರ್ನಿಯಾದ ಶಾಸಕ ಲೇಲ್ಯಾಂಡ್ ಯೀ. ಆಟಿಕೆ ಬಂದೂಕಿನಿಂದ ಮಕ್ಕಳನ್ನು ಕಾಪಾಡಲು ಹೊರಟಿದ್ದ ಈ ಮಹನೀಯರನ್ನು 2014ರಲ್ಲಿ ಎಫ್‌ಬಿಐ ಬಂಧಿಸಿತು. ಆರೋಪಗಳ ಪೈಕಿ ಒಂದು ಅಸಲಿ ಬಂದೂಕುಗಳ ಕಳ್ಳಸಾಗಣೆಯ ಸಂಚು. ತಪ್ಪೊಪ್ಪಿಕೊಂಡು 2016ರಲ್ಲಿ ಐದು ವರ್ಷದ ಸಜೆ ಪಡೆದರು. ಇಂಥದ್ದನ್ನು ಕಲ್ಪಿಸಿ ಬರೆದಿದ್ದರೆ ಸಂಪಾದಕರು, ಅತಿಯಾಯಿತು ಸಾರ್ ಎಂದು ವಾಪಸ್ ಕಳಿಸುತ್ತಿದ್ದರು.

ನಮ್ಮ ದೇಶಕ್ಕೆ ಈ ತಲೆನೋವುಗಳೇ ಇಲ್ಲ. ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ. 2015ರಲ್ಲಿ ಜೇಮ್ಸ್ ಬಾಂಡ್‌ನ ‘ಸ್ಪೆಕ್ಟರ್’ ಬಂದಾಗ ಮುತ್ತಿನ ಉದ್ದ ಅಳೆದು ಅರ್ಧಕ್ಕೆ ಇಳಿಸಿದ ಮಂಡಳಿ. ಓಟಿಟಿಗೂ ಸಿನಿಮಾಕ್ಕೂ ಈಗ ಯುಎ 7+, 13+, 16+ ಎಂಬ ಮೆಟ್ಟಿಲುಗಳಿವೆ. ವಿಡಿಯೊ ಗೇಮ್‌ಗೆ ಅಂಥ ಮಂಡಳಿ ಇಲ್ಲ. ನಮ್ಮ ಸರ್ಕಾರ ಆಟಕ್ಕೆ ವಯಸ್ಸು ಕೇಳುವುದಿಲ್ಲ, ಯಾವೂರು ಎಂದು ಕೇಳುತ್ತದೆ. ಪಬ್‌ಜಿಯಿಂದ ಮಕ್ಕಳು ಹಾಳಾಗುತ್ತಿದ್ದಾರೆ ಎಂದು ತಾಯಂದಿರು ಎರಡು ವರ್ಷ ಗೋಳಿಟ್ಟರು, ಕೇಂದ್ರ ಸರ್ಕಾರ ಕದಲಲಿಲ್ಲ. ಗಡಿಯಲ್ಲಿ ಚೀನಾದ ಜೊತೆ ಜಟಾಪಟಿಯಾಯಿತು. 2020ರ ಸೆಪ್ಟೆಂಬರ್ 2ರಂದು ಒಂದೇ ಏಟಿಗೆ ಪಬ್‌ಜಿ ಸೇರಿ ಚೀನಾ ನಂಟಿನ 118 ಆ್ಯಪ್‌ಗಳು ಔಟ್. ಮಕ್ಕಳ ಹಿತಕ್ಕೆ ಗಡಿಯಲ್ಲಿ ಗಲಾಟೆಯೇ ಆಗಬೇಕಾಯಿತು.

ಮರುವರ್ಷ ಅದೇ ಆಟ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಯ ಕೈಯಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ದೇಶಭಕ್ತ ಹೆಸರಿಟ್ಟುಕೊಂಡು ಬಂತು. ಈ ಸಲ ಬಹಳ ಜವಾಬ್ದಾರಿಯುತ ಆಟ. ರಕ್ತ ಹಸಿರು. ‘ಕಿಲ್’ ಎಂಬ ಕೆಟ್ಟ ಪದ ಹೋಗಿ ‘ಫಿನಿಶ್’ ಬಂತು. ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರೇ ಗಂಟೆ. ಪೋಷಕರ ಫೋನ್ ನಂಬರ್ ಕಡ್ಡಾಯ. ಇನ್ನೂ ಒಂದು ಲಗಾಮು ಇತ್ತು, ಅದನ್ನು ಮಾತ್ರ ಎದ್ದುನಿಂತು ಓದಬೇಕು: ಅಪ್ರಾಪ್ತರು ಆಟದೊಳಗೆ ದಿನಕ್ಕೆ 7,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ದಿನಕ್ಕೆ! ತಿಂಗಳಿಗೆ ಎರಡು ಲಕ್ಷದ ಹತ್ತು ಸಾವಿರ. ಹೈಸ್ಕೂಲಿನ ಮೇಷ್ಟ್ರಿಗೂ ಅಷ್ಟು ಸಂಬಳವಿಲ್ಲ. ಹುಡುಗ ಎಲ್ಲಿ ದುಂದುಗಾರನಾಗಿಬಿಡುತ್ತಾನೋ ಎಂಬ ಕಳಕಳಿಯಿಂದ ಹಾಕಿದ ಮಿತಿ ಅದು.

2019ರಲ್ಲಿ ಗದಗದ ಪಿಯುಸಿ ಹುಡುಗನೊಬ್ಬ ಅರ್ಥಶಾಸ್ತ್ರದ ಉತ್ತರ ಪತ್ರಿಕೆಯಲ್ಲಿ ಪಬ್‌ಜಿ ಆಡುವ ವಿಧಾನ ಬರೆದು ಫೇಲಾದ ಎಂದು ಸುದ್ದಿಯಾಗಿತ್ತು. ಊರೆಲ್ಲ ನಕ್ಕಿತು. ನನಗೆ ಇವತ್ತಿಗೂ ಅವನ ಪರವಾಗಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಆಸೆ. ಅವನು ಕನ್ನಡದ ಪತ್ರಿಕೆಯಲ್ಲೋ ಇತಿಹಾಸದ ಪತ್ರಿಕೆಯಲ್ಲೋ ಬರೆದಿದ್ದರೆ ತಪ್ಪು. ಅರ್ಥಶಾಸ್ತ್ರದಲ್ಲಿ ಬರೆದಿದ್ದಾನೆ, ಪ್ರಶ್ನೆಯನ್ನು ಸರಿಯಾಗಿ ಅರ್ಥಮಾಡಿಕೊಂಡವನು ಆ ಹಾಲ್‌ನಲ್ಲಿ ಅವನೊಬ್ಬನೇ.

ಕಾನೂನುಗಳಿಗೇನು ಬರವಿಲ್ಲ. ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲಿ ನಿಷೇಧಿಸಿತು, 2022ರ ಪ್ರೇಮಿಗಳ ದಿನ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ತಂದು, ದುಡ್ಡು ಹಾಕಿ ದುಡ್ಡು ಗೆಲ್ಲುವ ಆಸೆಯ ಆಟಗಳಿಗೆ ಬಾಗಿಲು ಹಾಕಿತು. ರಮ್ಮಿ ಆ್ಯಪ್‌ಗಳಿಗೆ ಬೀಗ ಬಿತ್ತು, ಒಳ್ಳೆಯದೇ ಆಯಿತು. ಆದರೆ ಬಂದೂಕಿಗೆ ಬಂಗಾರದ ಹೊದಿಕೆ ಸಿಗಬಹುದೆಂದು ಡಬ್ಬಿ ತಿರುಗಿಸುವ ಹುಡುಗ ದುಡ್ಡು ಗೆಲ್ಲಲು ಹೊರಟವನಲ್ಲವಲ್ಲ. ಅವನು ಬರೀ ಕಳೆದುಕೊಳ್ಳಲು ಹೊರಟವನು. ಬ್ರಿಟನ್ನಿನ ಸೂತ್ರ ಹಡಗು ಹತ್ತದೆಯೇ ನಮ್ಮಲ್ಲಿಗೂ ಬಂದಿದೆ.

ಹಾಗಾದರೆ ನಮ್ಮ ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಕೆಳಗೆ ಕಾಣುವ 3+, 12+, 16+ ಯಾರು ಬರೆದದ್ದು? ಆಟ ಮಾಡಿದವರೇ. ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಪ್ರಶ್ನಾವಳಿ ಇದೆ. ನಿಮ್ಮ ಆಟದಲ್ಲಿ ಹಿಂಸೆ ಉಂಟೇ, ರಕ್ತ ಉಂಟೇ, ಬೈಗುಳ ಉಂಟೇ, ಬೆತ್ತಲೆ ಉಂಟೇ ಎಂದು ಕೇಳುತ್ತದೆ. ತಯಾರಕ ಟಿಕ್ ಹಾಕುತ್ತಾನೆ, ಕಂಪ್ಯೂಟರು ವಯಸ್ಸು ಉದುರಿಸುತ್ತದೆ. ಲಕ್ಷಾಂತರ ಆ್ಯಪ್‌ಗಳನ್ನು ಮನುಷ್ಯರು ಕೂತು ಆಡಿ ನೋಡಲು ಆಗುವುದಿಲ್ಲ ಎಂಬುದು ನಿಜ. ಆದರೂ ಕಳ್ಳನ ಕೈಗೇ ಪಂಚನಾಮೆ ಕೊಟ್ಟು, ಬಿಡುವಾದಾಗ ತುಂಬಿ ಕಳಿಸಪ್ಪಾ ಎಂದ ಹಾಗಾಯಿತು.

ಇನ್ನೊಂದು ತುದಿಯಲ್ಲಿ ಆಡುವವನೂ ಹೀಗೆಯೇ ಸತ್ಯಸಂಧ. ಹುಟ್ಟಿದ ದಿನಾಂಕ ಹಾಕು ಎಂದು ಆಟ ಕೇಳಿದರೆ, ಯಾವ ಹನ್ನೊಂದು ವರ್ಷದವನು ನಿಜ ಹೇಳುತ್ತಾನೆ? ಒಂದು ಕಾಲದಲ್ಲಿ ನಮ್ಮ ಹಳ್ಳಿಗಳ ಅರ್ಧ ಜನ ಶಾಲೆಯ ದಾಖಲೆ ಪ್ರಕಾರ ಜೂನ್ 1ರಂದೇ ಹುಟ್ಟಿದವರು. ಹುಡುಗನನ್ನು ಕರೆತಂದ ಅಜ್ಜನಿಗೆ ತಾರೀಕು ಗೊತ್ತಿರಲಿಲ್ಲ, ಹೆಡ್‌ಮಾಸ್ತರು ಶಾಲೆ ಶುರುವಾಗುವ ದಿನವನ್ನೇ ಬರೆದುಕೊಂಡರು. ಈಗಿನ ಮಕ್ಕಳು ಸ್ವಾವಲಂಬಿಗಳು. ಹೆಡ್‌ಮಾಸ್ತರರ ಹಂಗಿಲ್ಲದೆ ಅವರೇ ಜನವರಿ 1, 1990 ಎಂದು ಬರೆದುಕೊಳ್ಳುತ್ತಾರೆ.

ಮಕ್ಕಳ ವಿವರ ಪಡೆಯಲು ಪೋಷಕರ ಖಚಿತ ಒಪ್ಪಿಗೆ ಬೇಕು ಎಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ನಿಯಮ ಬರುವ ಮೊದಲೇ ಒಪ್ಪಿಗೆ ಹೇಗಿರುತ್ತದೆ ಎಂಬುದನ್ನು ನಮ್ಮ ಅಕ್ಕನ ಮಗ ತೋರಿಸಿಕೊಟ್ಟಿದ್ದ. ಆಟದ ಹೆಸರು ಬೇಡ.

‘ಮಾಮ, ನಿಮ್ಮ ಫೋನಿಗೊಂದು ಓಟಿಪಿ ಬಂದಿರುತ್ತೆ, ಹೇಳಿ ಸ್ವಲ್ಪ.’

‘ಯಾತಕ್ಕೋ?’

‘ಪೇರೆಂಟ್ ಕನ್ಸೆಂಟು.’

‘ನಾನೇನೋ ನಿನ್ನ ಪೇರೆಂಟು?’

‘ಅದಕ್ಕೇನ್ ಗೊತ್ತಾಗುತ್ತೆ ಮಾಮ? ಬೇಗ ಹೇಳಿ, ಮೂವತ್ತು ಸೆಕೆಂಡಲ್ಲಿ ಹೋಗ್ಬಿಡುತ್ತೆ.’

ಅಡುಗೆಮನೆಯಿಂದ ಅಕ್ಕ, ‘ಹೇಳ್ಬಿಡೋ, ಊಟಕ್ಕಾದ್ರೂ ಬರ್ತಾನೆ’ ಅಂದಳು. ಕಾನೂನು ಬಯಸಿದ ಪೋಷಕರ ಒಪ್ಪಿಗೆ ಸಿಕ್ಕಿಯೇಬಿಟ್ಟಿತು.

ಇಷ್ಟೆಲ್ಲ ಆದಮೇಲೆ ವಯೋಮಿತಿ ಬದಲಾಗಬೇಕೇ ಎಂದು ಕೇಳಿದರೆ, ಬೇಕು ಎನ್ನುವವನೇ ನಾನು. 12 ಎಂಬುದು 13 ಆಗಬೇಕೇ, 16 ಎಂಬುದು 15 ಆಗಬೇಕೇ ಎಂಬ ಚರ್ಚೆಯನ್ನು ಟೀವಿಯವರಿಗೆ ಬಿಡೋಣ. ಬದಲಾಗಬೇಕಾದದ್ದು ಏನನ್ನು ನೋಡಿ ವಯಸ್ಸು ಬರೆಯುತ್ತಾರೆ ಎಂಬುದು. ಕಣ್ಣಿಗೆ ಕಾಣುವುದನ್ನೆಲ್ಲ ಅಳೆದಾಯಿತು. ಆಟ ಮಗುವಿನ ಕೈಯಲ್ಲಿ ಏನು ಮಾಡಿಸುತ್ತದೆ ಎಂಬುದನ್ನು ಅಳೆದವರು ಕಡಿಮೆ. ಪ್ಯಾಕ್ ಎಷ್ಟು ಸಲ ಮುಖಕ್ಕೆ ಹಿಡಿಯುತ್ತದೆ, ‘ಇನ್ನು ಹತ್ತೇ ನಿಮಿಷ ಈ ಬೆಲೆ’ ಎಂದು ಗಡಿಯಾರ ಓಡಿಸುತ್ತದೆಯೇ, ನಿನ್ನೆ ಆಡದಿದ್ದವನಿಗೆ ಇವತ್ತು ಶಿಕ್ಷೆ ಇದೆಯೇ, ರೂಪಾಯಿಯನ್ನು ವಜ್ರ, ಜೆಮ್ಸ್, ಕಾಯಿನ್ ಎಂದು ಮೂರು ಸಲ ವೇಷ ಬದಲಿಸಿ ಖರ್ಚಿನ ಲೆಕ್ಕ ಮರೆಸುತ್ತದೆಯೇ, ಎಷ್ಟು ಡಬ್ಬಿಗೊಂದು ಸಲ ಬೇಕಾದ್ದು ಬರುತ್ತದೆ ಎಂದು ಎದುರಿಗೇ ಬರೆದಿದೆಯೇ. ವಯಸ್ಸು ಬರೆಯಬೇಕಾದದ್ದು ಇವುಗಳನ್ನು ನೋಡಿ.

ಇದು ಆಗದ ಹೋಗದ ಮಾತೂ ಅಲ್ಲ. ಜರ್ಮನಿಯಲ್ಲಿ ಆಟಗಳಿಗೆ ವಯಸ್ಸು ಬರೆಯುವ ಯುಎಸ್‌ಕೆ 2023ರಿಂದ ಇವನ್ನು ಲೆಕ್ಕಕ್ಕೆ ಹಿಡಿಯಿತು. ಅಲ್ಲಿ ಎಲ್ಲ ವಯಸ್ಸಿನವರಿಗೂ ಮುಕ್ತವಾಗಿದ್ದ ಅದೇ ಫುಟ್‌ಬಾಲ್ ಆಟ ಎಫ್‌ಸಿ 24ಕ್ಕೆ ಬರುವಾಗ 12ಕ್ಕೆ ಏರಿತು. ಚೆಂಡು ಅದೇ, ಗೋಲು ಅದೇ, ಅಳೆಯುವ ಕೋಲು ಮಾತ್ರ ಬೇರೆ. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್ 22ರಿಂದ, ದುಡ್ಡು ಕೊಟ್ಟು ಲೂಟ್ ಬಾಕ್ಸ್ ಕೊಳ್ಳುವ ಹೊಸ ಆಟಗಳಿಗೆ ಕನಿಷ್ಠ ‘ಎಂ’ ದರ್ಜೆ ಎಂದಿತು. ಅಲ್ಲಿ ‘ಎಂ’ ಎಂದರೆ ಹದಿನೈದು ದಾಟಿದವರಿಗೆ ಎಂಬ ಸಲಹೆ. ಜೂಜಿನ ಅನುಕರಣೆಗೆ ನೇರವಾಗಿ 18. ಅಮೆರಿಕದಲ್ಲಿ ವಯಸ್ಸು ಬರೆಯುವವರಿಂದ ಆಗದ್ದು ಗ್ರಾಹಕರ ಹಿತ ನೋಡುವ ಎಫ್‌ಟಿಸಿಯಿಂದ ಆಯಿತು. ‘ಫೋರ್ಟ್‌ನೈಟ್’ನಲ್ಲಿ ಒಂದು ಗುಂಡಿ ತಾಗಿದರೆ ಖರೀದಿಯೇ ಆಗಿಹೋಗುವಂತೆ ಪರದೆ ಹೆಣೆದಿದ್ದಕ್ಕೆ, 2022ರಲ್ಲಿ ಎಪಿಕ್ ಗೇಮ್ಸ್‌ನಿಂದ 24.5 ಕೋಟಿ ಡಾಲರ್ ಕಕ್ಕಿಸಿ ಗ್ರಾಹಕರಿಗೆ ವಾಪಸ್ ಕೊಡಿಸಿತು. ಮಕ್ಕಳ ಖಾಸಗಿತನ ಕಾಪಾಡದ್ದಕ್ಕೆ 27.5 ಕೋಟಿ ಡಾಲರ್ ದಂಡ ಬೇರೆ.

ನಮ್ಮಲ್ಲಿ ಮಂಡಳಿ ಬರುವುದಾದರೆ, ಅದರ ಉದ್ಘಾಟನೆಗೆ ಮುಂಚೆ ಒಂದು ಸಲಹೆ ನನ್ನದೂ ಇರಲಿ. ಮಗುವಿನ ವಯಸ್ಸು ಬರೆಯುವ ಶ್ರಮವೇ ಬೇಡ. ಅಪ್ಪನ ಅಂಕಿ ಬರೆದುಬಿಡಿ. ಈ ಆಟ ಸಿಬಿಲ್ ಸ್ಕೋರ್ 750 ದಾಟಿದವರ ಮಕ್ಕಳಿಗೆ ಮಾತ್ರ. ಈ ಆಟಕ್ಕೆ ಪಿಎಫ್‌ನಲ್ಲಿ ಐದು ಲಕ್ಷ ಇರಬೇಕು. ಈ ಆಟ ಸೈಟು ಮಾರಲು ತಯಾರಿರುವ ಕುಟುಂಬಗಳಿಗೆ ಸೂಕ್ತ. ಲೋನ್ ಆ್ಯಪ್‌ನವರ ಜಾಹೀರಾತನ್ನು ಲೇಬಲ್ಲಿನ ಕೆಳಗೇ ಹಾಕಿಸಿದರೆ ಮಂಡಳಿಯ ಖರ್ಚೂ ಹುಟ್ಟುತ್ತದೆ. ಹೇಗೂ ನಮ್ಮ ಮಂಡಳಿಗಳಿಗೆ ಮುತ್ತು ಅಳೆಯುವ ಟೇಪು ಇದೆ, ಜೇಬು ಅಳೆಯಲೂ ಅದೇ ಸಾಕು.

ಅದು ಬರುವ ತನಕ ಓದುಗರೇ, ಮನೆಯ ಮಟ್ಟಿಗೆ ನೀವೇ ಮಂಡಳಿ. ಮುಂದಿನ ಸಲ ಮಗ ಆಟ ಇಳಿಸಲು ಫೋನ್ ಕೇಳಿದಾಗ 3+ ಎಂಬ ಅಂಕಿ ಕಂಡು ನಿಶ್ಚಿಂತರಾಗಬೇಡಿ. ಅದೇ ಪುಟದಲ್ಲಿ ‘ಇನ್–ಆ್ಯಪ್ ಪರ್ಚೇಸಸ್’ ಎಂಬ ಪದಗಳಿವೆಯೇ ನೋಡಿ. ಇದ್ದರೆ, ಆಟದ ವಿವರವನ್ನು ಬಿಡಿಸಿ ಕೊನೆಯ ತನಕ ಓದಿ. ಒಳಗಿನ ಒಂದೊಂದು ವಸ್ತುವಿಗೆ ಎಷ್ಟರಿಂದ ಎಷ್ಟರ ತನಕ ಬೆಲೆ ಎಂದು ರೂಪಾಯಿಯಲ್ಲೇ ಬರೆದಿರುತ್ತದೆ. ಆಮೇಲೆ ಸೆಟ್ಟಿಂಗ್ಸಿಗೆ ಹೋಗಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಆ ಪಾಸ್‌ವರ್ಡ್ ದಯವಿಟ್ಟು ಮಗನ ಹುಟ್ಟಿದ ದಿನಾಂಕ ಆಗಿರದಿರಲಿ.